ನುಡಿಸಲು ಬಾರದ ಎಂಜಿನಿಯರ್ ಕಟ್ಟಿದ ವಾದ್ಯ

ಹಳೇ ಅನಲಾಗ್ ಸಿಂಥಸೈಜರ್‌ಗಳಿಗೆ ಈಗ ದೊಡ್ಡ ಕ್ರೇಜ್ ಇದೆ. ಪ್ರಾಫೆಟ್-5, ಜುಪಿಟರ್-8 ಅಂತ ಹೆಸರು ಹೇಳಿದರೆ ಸಾಕು, ಮನೆಯಲ್ಲೇ ಸಂಗೀತ ಮಾಡುವ ಹುಡುಗ ಹುಡುಗಿಯರ ಕಣ್ಣು ಅರಳುತ್ತೆ. 1978ರಲ್ಲಿ ಬಂದ ಪ್ರಾಫೆಟ್-5ರಲ್ಲಿ ಒಂದೇ ಸಲಕ್ಕೆ ಐದು ಸ್ವರ ನುಡಿಸಬಹುದಿತ್ತು. ಆಗ ಅದೇ ದೊಡ್ಡ ಸಾಧನೆ. ಆದರೆ ಅದಕ್ಕೂ ಸುಮಾರು 40 ವರ್ಷ ಮೊದಲು, ಟ್ರಾನ್ಸಿಸ್ಟರ್ ಹುಟ್ಟುವುದಕ್ಕೂ ಮುಂಚೆ, ಶಿಕಾಗೋದ ಕಾರ್ಖಾನೆಯೊಂದು 72 ಕೀಲಿಗಳ ಒಂದು ವಾದ್ಯವನ್ನು ಮಾರುಕಟ್ಟೆಗೆ ಬಿಟ್ಟಿತ್ತು. 72ನ್ನೂ ಒಟ್ಟಿಗೆ ಒತ್ತಿದರೆ 72ೂ ನುಡಿಯುತ್ತಿದ್ದವು. ಅದರ ಹೆಸರು ನೋವಾಕಾರ್ಡ್. ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಪಾಲಿಫೋನಿಕ್ ಸಿಂಥಸೈಜರ್ ಅಂತ ಅದನ್ನು ಗುರುತಿಸುತ್ತಾರೆ. ಕಂಪನಿಯ ಮಾಲೀಕರು ಲಾರೆನ್ಸ್ ಹ್ಯಾಮಂಡ್. ಅವರಿಗೆ ಯಾವ ವಾದ್ಯವನ್ನೂ ನುಡಿಸೋಕೆ ಬರ್ತಿರಲಿಲ್ಲ.

ಇವರ ಬದುಕನ್ನು ಇವತ್ತು ಹೇಳೋಕೆ ಒಂದು ಕಾರಣ ಇದೆ. ಕಂಪನಿ ಕಟ್ಟಿದವರನ್ನು ದೇವರು ಮಾಡುವ ಕಾಲ ಇದು. ಒಂದು ಯಂತ್ರ ಯಾತಕ್ಕೆ, ಯಾರಿಗೆ, ಹೇಗೆ ಬಳಕೆಯಾಗಬೇಕು ಅನ್ನೋದನ್ನು ಸ್ಥಾಪಕರೇ ತೀರ್ಮಾನ ಮಾಡ್ತಾರೆ ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಹ್ಯಾಮಂಡ್ ಕಥೆ ಹಾಗೆ ನಡೆಯಲಿಲ್ಲ.

ಹುಟ್ಟಿದ್ದು 1895ರ ಜನವರಿ 11, ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ. ಅಪ್ಪ ಬ್ಯಾಂಕರ್. ಮಗುವಿಗೆ ಎರಡು ವರ್ಷವಾಗಿದ್ದಾಗ ತೀರಿಕೊಂಡರು. ಅಮ್ಮ ಚಿತ್ರ ಕಲಾವಿದೆ. ಮಕ್ಕಳನ್ನು ಕಟ್ಟಿಕೊಂಡು ಯುರೋಪಿಗೆ ಹೋದರು, 1909ರ ಹೊತ್ತಿಗೆ ವಾಪಸ್ ಬಂದರು. ಹುಡುಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1916ರಲ್ಲಿ ಹೊರಬಂದ. ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ಸೇನೆಯ ಜೊತೆ ಫ್ರಾನ್ಸ್‌ನಲ್ಲಿದ್ದ. ಆಮೇಲೆ ಡೆಟ್ರಾಯ್ಟ್‌ನ ಮೋಟರ್ ಕಂಪನಿಯೊಂದರಲ್ಲಿ ನೌಕರಿ.

ಅಲ್ಲಿಂದ ಬಿಡುಗಡೆ ಕೊಡಿಸಿದ್ದು ಟಿಕ್ ಟಿಕ್ ಅನ್ನದ ಒಂದು ಗಡಿಯಾರ. ಸ್ಪ್ರಿಂಗ್ ಯಂತ್ರವನ್ನು ಸದ್ದು ಹೊರಬಾರದ ಪೆಟ್ಟಿಗೆಯೊಳಗೆ ಕೂರಿಸಿದ್ದೇ ಅದರ ಉಪಾಯ. ಅದರಿಂದ ಬಂದ ದುಡ್ಡಿನಲ್ಲಿ ಕೆಲಸ ಬಿಟ್ಟು ನ್ಯೂಯಾರ್ಕ್‌ನಲ್ಲಿ ಸ್ವಂತ ಪ್ರಯೋಗ ಶುರು ಮಾಡಿದರು. 1922ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆಲ್ವಿನ್ ಥಿಯೇಟರಿನಲ್ಲಿ ಟೆಲಿವ್ಯೂ ಅನ್ನೋ ತ್ರೀಡಿ ಸಿನಿಮಾ ವ್ಯವಸ್ಥೆ ತೋರಿಸಿದರು. ಪ್ರತಿ ಸೀಟಿಗೂ ಒಂದೊಂದು ನೋಡುವ ಯಂತ್ರ ಜೋಡಿಸಬೇಕಿತ್ತು. ಜನ ಬೆರಗಾದರು, ಆದರೆ ಬೇರೆ ಯಾವ ಥಿಯೇಟರೂ ಅದನ್ನು ಹಾಕಿಸಿಕೊಳ್ಳಲಿಲ್ಲ.

ಆಮೇಲೆ ಬಂದದ್ದು ಸಿಂಕ್ರೋನಸ್ ಮೋಟರ್. ಕರೆಂಟಿನ ಆವರ್ತನಕ್ಕೆ ಸರಿಯಾಗಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲದ ವೇಗದಲ್ಲಿ ತಿರುಗುವ ಮೋಟರ್ ಅದು. ಅದನ್ನಿಟ್ಟು 1928ರಲ್ಲಿ ಗಡಿಯಾರದ ಕಂಪನಿ ಕಟ್ಟಿದರು. ಮರುವರ್ಷವೇ ಷೇರುಪೇಟೆ ಕುಸಿಯಿತು. ಮಹಾಕುಸಿತದ ದಿನಗಳಲ್ಲಿ, ಪೈಪೋಟಿಯ ನಡುವೆ, ಗಡಿಯಾರ ಕೊಳ್ಳೋರು ಕಡಿಮೆಯಾದರು. ಕಂಪನಿ ಉಳಿಸೋಕೆ ಇಸ್ಪೀಟು ಎಲೆಗಳನ್ನು ತಾನೇ ಕಲೆಸಿ ಹಂಚುವ ವಿದ್ಯುತ್ ಮೇಜನ್ನೂ ಮಾಡಿ ಮಾರಿದರು!

ಕೊನೆಗೆ ಅದೇ ಮೋಟರ್ ಸಂಗೀತಕ್ಕೆ ಬಂತು. 91 ಹಲ್ಲಿನ ಲೋಹದ ಚಕ್ರಗಳು, ಪ್ರತಿಯೊಂದರ ಪಕ್ಕ ಒಂದು ಅಯಸ್ಕಾಂತ, ಅದರ ಸುತ್ತ ತಂತಿ ಸುರುಳಿ. ಚಕ್ರ ತಿರುಗಿದರೆ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತೇ ಸ್ವರ. ಮೋಟರಿನ ವೇಗ ಕದಲುವುದಿಲ್ಲವಾದ್ದರಿಂದ ಶ್ರುತಿಯೂ ಕದಲುವುದಿಲ್ಲ. ಅಂದರೆ ಊರಿನ ವಿದ್ಯುತ್ ಜಾಲವೇ ಶ್ರುತಿ ಕಾಯುವ ಕೆಲಸ ಮಾಡ್ತಿತ್ತು. ಎಂಜಿನಿಯರಿಂಗ್ ಓದಿದ ನನಗೆ ಇಷ್ಟು ಸರಳವಾದ, ಇಷ್ಟು ಜಾಣತನದ ವಿನ್ಯಾಸ ಕಂಡರೆ ಈಗಲೂ ಖುಷಿಯಾಗುತ್ತೆ. 1934ರ ಜನವರಿಯಲ್ಲಿ ಅರ್ಜಿ ಹಾಕಿದರು, ಏಪ್ರಿಲ್‌ನಲ್ಲೇ ಪೇಟೆಂಟ್ ಸಿಕ್ಕಿತು. 1935ರಲ್ಲಿ ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂತು. ಹೆನ್ರಿ ಫೋರ್ಡ್, ಸಂಗೀತಕಾರ ಜಾರ್ಜ್ ಗರ್ಶ್ವಿನ್ ಮೊದಲ ಗಿರಾಕಿಗಳ ಪೈಕಿ ಇದ್ದರು.

ಹ್ಯಾಮಂಡ್ ಗುರಿ ಇಟ್ಟಿದ್ದು ಚರ್ಚ್‌ಗಳ ಮೇಲೆ. ಬೃಹತ್ ಪೈಪ್ ಆರ್ಗನ್‌ಗೆ ಅಗ್ಗದ ಬದಲಿ ಕೊಡ್ತೀವಿ ಅನ್ನೋದು ಅವರ ವ್ಯಾಪಾರದ ಮಾತು. ಪೈಪ್ ಆರ್ಗನ್ ಹೊರಡಿಸುವ ನಾದವನ್ನೆಲ್ಲ ನಮ್ಮದೂ ಹೊರಡಿಸುತ್ತೆ ಅಂತ ಜಾಹೀರಾತು ಕೊಟ್ಟರು. 1936ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದು ಸುಳ್ಳು ಜಾಹೀರಾತು ಅಂತ ಕೇಸು ಹಾಕಿತು. ಮರುವರ್ಷ ಶಿಕಾಗೋ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಪರೀಕ್ಷೆ ನಡೆಯಿತು. ಎರಡೂ ವಾದ್ಯಗಳನ್ನು ಮರೆಯಲ್ಲಿ ನುಡಿಸಿ, ಯಾವುದು ಯಾವುದು ಅಂತ ಹೇಳಿ ಎಂದರು. ಪಳಗಿದ ಸಂಗೀತಗಾರರೇ ಸುಮಾರು ಮೂರರಲ್ಲಿ ಒಂದು ಸಲ ತಪ್ಪಿದರು. 1938ರಲ್ಲಿ ಆದೇಶ ಬಂತು. ಅತಿಶಯದ ಜಾಹೀರಾತು ನಿಲ್ಲಿಸಿ ಅಂತ ಕಮಿಷನ್ ಹೇಳಿತು, ಆದರೆ ಆರ್ಗನ್ ಅನ್ನೋ ಹೆಸರು ಹ್ಯಾಮಂಡ್ ಕೈಯಲ್ಲೇ ಉಳಿಯಿತು. ಒಂದು ಕಂಪನಿಯ ದೊಡ್ಡ ಮಾತನ್ನು ಸರ್ಕಾರಿ ಸಂಸ್ಥೆಯೊಂದು ಹೀಗೆ ಕಿವಿಗೊಟ್ಟು ಪರೀಕ್ಷೆ ಮಾಡಿಸಿದ್ದು ಇವತ್ತಿಗೂ ನೆನಪಿಡಬೇಕಾದ ಸಂಗತಿ.

ಇಷ್ಟಾದ ಮೇಲೆ ಬಂದದ್ದು ನೋವಾಕಾರ್ಡ್. ಇಲ್ಲಿ ಚಕ್ರಗಳಿಲ್ಲ, ಪೂರ್ತಿ ಎಲೆಕ್ಟ್ರಾನಿಕ್. 163 ವಾಲ್ವ್, ಸಾವಿರಕ್ಕೂ ಹೆಚ್ಚು ಕೆಪ್ಯಾಸಿಟರ್, ಸುಮಾರು 225 ಕಿಲೋ ತೂಕ. 72 ಸ್ವರ ಒಟ್ಟಿಗೆ ನುಡಿಸುವ ಗುಟ್ಟು ಏನು ಅಂದರೆ, ಒಂದು ಸ್ಥಾಯಿ ಕೆಳಗಿನ ಸ್ವರದ ಕಂಪನ ಮೇಲಿನದರ ಸರಿಯಾಗಿ ಅರ್ಧ. ಹಾಗಾಗಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯ 12 ಸ್ವರ ಹುಟ್ಟಿಸಿ, ವಾಲ್ವ್‌ಗಳಿಂದ ಅರ್ಧ ಅರ್ಧ ಮಾಡುತ್ತಾ ಇಳಿದರೆ ಉಳಿದೆಲ್ಲ ಸ್ವರಗಳೂ ಸಿಗುತ್ತವೆ. ಪ್ರತಿ ಕೀಲಿಗೂ ಸ್ವರ ಏರಿ ಇಳಿಯುವ ರೀತಿಯನ್ನು ರೂಪಿಸುವ ತನ್ನದೇ ಸರ್ಕ್ಯೂಟ್ ಇತ್ತು. ಸ್ವರವನ್ನು ನಡುಗಿಸೋಕೆ ಒಂದಲ್ಲ, ಆರು ಬೇರೆ ಬೇರೆ ಯಂತ್ರಗಳು. ಆರೂ ಒಂದೇ ತಾಳದಲ್ಲಿ ನಡುಗುವುದಿಲ್ಲ. ಅದಕ್ಕೇ ನೋವಾಕಾರ್ಡಿನ ನಾದ ಒಬ್ಬರು ನುಡಿಸಿದ ಹಾಗಿಲ್ಲ, ದೂರದಲ್ಲಿ ಒಂದು ಗುಂಪು ಕೂತು ನುಡಿಸಿದ ಹಾಗೆ ಕೇಳಿಸುತ್ತೆ. ಹಳೇ ಅನಲಾಗ್ ಯಂತ್ರಗಳಿಗೆ ಜನ ಮನಸೋಲೋದು ಇದಕ್ಕೇ. ಬಿಡಿಭಾಗಗಳು ಬಿಸಿಯಾಗುತ್ತವೆ, ಸ್ವಲ್ಪ ಜಾರುತ್ತವೆ, ಒಂದರ ಹಾಗೆ ಇನ್ನೊಂದು ಇರೋದಿಲ್ಲ.

ಇದನ್ನು ಹ್ಯಾಮಂಡ್ ಒಬ್ಬರೇ ಮಾಡಿದ್ದಲ್ಲ. ಜಾನ್ ಹ್ಯಾನರ್ಟ್, ಸಿ.ಎನ್. ವಿಲಿಯಮ್ಸ್ ಎಂಬ ಎಂಜಿನಿಯರ್‌ಗಳು ಜೊತೆಯಲ್ಲಿ ಸೇರಿ ವಿನ್ಯಾಸ ಮಾಡಿದವರು. ಪೆಟ್ಟಿಗೆ ಮೇಲೆ ಇದ್ದದ್ದು ಮಾತ್ರ ಮಾಲೀಕರ ಹೆಸರು.

1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ನೋವಾಕಾರ್ಡ್ ಮೆರೆಯಿತು. ಬ್ರಿಟಿಷ್ ಗಾಯಕಿ ವೆರಾ ಲಿನ್ ಯುದ್ಧಕಾಲದ ತಮ್ಮ ಪ್ರಸಿದ್ಧ ವಿದಾಯದ ಹಾಡನ್ನು 1939ರಲ್ಲಿ ಮೊದಲು ಧ್ವನಿಮುದ್ರಿಸಿದ್ದು ಇದರ ಜೊತೆಗೇ. ಹಿಚ್‌ಕಾಕ್‌ರ ರೆಬೆಕಾ ಸಿನಿಮಾದಲ್ಲೂ ಇದು ಕೇಳಿಸುತ್ತೆ. ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಎಡಪಂಥೀಯ ಸಂಗೀತಕಾರ ಹಾನ್ಸ್ ಐಸ್ಲರ್, ಹಿಮನದಿಗಳ ಬಗೆಗಿನ ಸಾಕ್ಷ್ಯಚಿತ್ರಕ್ಕೆ 1940ರಲ್ಲಿ ಬರೆದ ಸಂಗೀತದಲ್ಲಿ ನೋವಾಕಾರ್ಡ್ ಬಳಸಿದರು. ಅದೇ ಐಸ್ಲರ್‌ರನ್ನು ಕಮ್ಯುನಿಸ್ಟ್ ಅಂತ ವಿಚಾರಣೆಗೆ ಎಳೆದು 1948ರಲ್ಲಿ ದೇಶದಿಂದ ಹೊರಗೆ ಕಳಿಸಲಾಯಿತು.

ಆದರೂ ವಾದ್ಯ ನಿಲ್ಲಲಿಲ್ಲ. ದುಬಾರಿ, ಭಾರ, ಪದೇ ಪದೇ ರಿಪೇರಿ. ಪಿಯಾನೋ ನುಡಿಸೋರಿಗೂ ಆರ್ಗನ್ ನುಡಿಸೋರಿಗೂ ಹೊಸ ಅಭ್ಯಾಸ ಬೇಕಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಿಡಿಭಾಗಗಳನ್ನು ನುಂಗಿತು. ಸಾವಿರ ಚಿಲ್ಲರೆ ವಾದ್ಯಗಳಾದ ಮೇಲೆ 1942ರಲ್ಲಿ ತಯಾರಿಕೆ ನಿಂತಿತು. ಹ್ಯಾಮಂಡ್ ಬಾಂಬುಗಳಿಗೆ ದಾರಿ ತೋರಿಸುವ ನಿಯಂತ್ರಣ ಸಾಧನಗಳ ವಿನ್ಯಾಸಕ್ಕೆ ತೊಡಗಿದರು. ಯುದ್ಧ ಮುಗಿದ ಮೇಲೂ ನೋವಾಕಾರ್ಡ್ ಮತ್ತೆ ಬರಲಿಲ್ಲ.

ಈಗ ಆರ್ಗನ್ ಕಡೆ ನೋಡಿ. ನೋವಾಕಾರ್ಡ್ ಬಂದ ಅದೇ 1939ರಲ್ಲಿ, ಅದೇ ಶಿಕಾಗೋದಲ್ಲಿ, ಕರಿಯರನ್ನು ಕರಾರುಪತ್ರಗಳ ಮೂಲಕ ಒಂದೇ ಮೂಲೆಗೆ ತಳ್ಳಿದ್ದ ನಗರದ ದಕ್ಷಿಣ ಭಾಗದಲ್ಲಿ, ಫಸ್ಟ್ ಚರ್ಚ್ ಆಫ್ ಡೆಲಿವರೆನ್ಸ್‌ಗೆ ಹ್ಯಾಮಂಡ್ ಆರ್ಗನ್ ಬಂತು. ಕೆನೆತ್ ಮಾರಿಸ್ ಅದನ್ನು ನುಡಿಸಿದರು. ಪೈಪ್ ಆರ್ಗನ್ನಿನ ನಕಲಾಗಿ ಅಲ್ಲ, ಗಾಸ್ಪೆಲ್ ಸಂಗೀತದ ಹೊಸ ದನಿಯಾಗಿ. ಅಲ್ಲಿಂದ ಅದು ಕರಿಯರ ಚರ್ಚ್‌ಗಳಿಗೆಲ್ಲ ಹರಡಿತು. 1950ರ ದಶಕದಲ್ಲಿ ಬಂದ ಬಿ-3 ಮಾದರಿಯನ್ನು ಜಿಮ್ಮಿ ಸ್ಮಿತ್ ಜಾಝ್‌ಗೆ ಒಗ್ಗಿಸಿದರು, ಆಮೇಲೆ ರಾಕ್ ಬ್ಯಾಂಡ್‌ಗಳು ಎತ್ತಿಕೊಂಡವು.

ಈ ಜನ ಮೆಚ್ಚಿದ್ದು ಹ್ಯಾಮಂಡ್ ಮೆಚ್ಚದ ಗುಣಗಳನ್ನು. ಕೀಲಿ ಒತ್ತಿದಾಗ ಬರುವ ಚಟ್ ಅನ್ನೋ ಸದ್ದು ಅವರಿಗೆ ದೋಷ, ವಾದಕರಿಗೆ ಅದು ತಾಳದ ಚುರುಕು. ಇವತ್ತಿನ ಡಿಜಿಟಲ್ ನಕಲುಗಳಲ್ಲಿ ಆ ಸದ್ದನ್ನು ಬೇಕಂತಲೇ ಸೇರಿಸ್ತಾರೆ. ಕ್ಯಾಲಿಫೋರ್ನಿಯಾದ ಡಾನ್ ಲೆಸ್ಲಿ, ಆರ್ಗನ್ ಮನೆಯಲ್ಲಿ ಸಪ್ಪೆಯಾಗಿ ಕೇಳಿಸುತ್ತೆ ಅಂತ ಗಿರಗಿರ ತಿರುಗುವ ಸ್ಪೀಕರ್ ಮಾಡಿ ಹ್ಯಾಮಂಡ್ ಕಂಪನಿಗೆ ತೋರಿಸಿದರು. ಕಂಪನಿ ಬೇಡ ಎಂದಿತು. ಅಷ್ಟೇ ಅಲ್ಲ, ಲೆಸ್ಲಿ ಸ್ಪೀಕರ್ ಜೋಡಿಸೋಕೆ ಆಗದಂತೆ ಸಾಕೆಟ್ ಬದಲಾಯಿಸಿತು, ತನ್ನ ವ್ಯಾಪಾರಿಗಳು ಅದನ್ನು ಮಾರಕೂಡದು ಎಂದಿತು. ಚಾರ್ಜರ್ ಪಿನ್ ಬದಲಾಯಿಸಿ ನಮ್ಮನ್ನು ಕಟ್ಟಿಹಾಕುವ ಆಟ ಎಷ್ಟು ಹಳೇದು ನೋಡಿ! ವಾದಕರು ಕೇಳಲಿಲ್ಲ, ತಂತಿ ಕತ್ತರಿಸಿ ಜೋಡಿಸಿಕೊಂಡರು. ಇವತ್ತು ಹ್ಯಾಮಂಡ್ ನಾದ ಅಂದರೆ ಲೆಸ್ಲಿ ಜೊತೆಗಿನ ನಾದವೇ. ಕೊನೆಗೆ 1980ರಲ್ಲಿ ಲೆಸ್ಲಿ ವ್ಯವಹಾರವನ್ನು ಹ್ಯಾಮಂಡ್ ಕಂಪನಿಯೇ ಕೊಂಡುಕೊಂಡಿತು.

ಅದನ್ನು ನೋಡಲು ಹ್ಯಾಮಂಡ್ ಇರಲಿಲ್ಲ. 1955ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು, 1960ರಲ್ಲಿ ನಿವೃತ್ತರಾದರು, 1973ರ ಜುಲೈ 1ರಂದು ಕನೆಕ್ಟಿಕಟ್‌ನ ಕಾರ್ನ್‌ವಾಲ್‌ನಲ್ಲಿ ತೀರಿಕೊಂಡರು. ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್ ಇದ್ದವು. ಅವರ ಪ್ರತಿಭೆಯನ್ನು ನಾನು ಸಣ್ಣದು ಮಾಡ್ತಿಲ್ಲ. ಗಡಿಯಾರದ ಮೋಟರಿನಲ್ಲಿ ಆರ್ಗನ್ ಕಂಡ ತಲೆ ಸಾಮಾನ್ಯದ್ದಲ್ಲ. ಆದರೆ ತಾಂತ್ರಿಕವಾಗಿ ಅವರ ಅತ್ಯಂತ ಮುಂದಿನ ಯಂತ್ರಕ್ಕೆ ಒಂದು ಸಮುದಾಯ ಸಿಗಲಿಲ್ಲ, ಅದು ಮೂರು ನಾಲ್ಕು ವರ್ಷಕ್ಕೆ ಮುಗಿಯಿತು. ಅದಕ್ಕಿಂತ ಹಳೆಯ ಯಂತ್ರಕ್ಕೆ ಅವರು ಊಹಿಸದ ಜನ ಸಿಕ್ಕರು, ಅದು ಬದುಕಿತು.

ನೋವಾಕಾರ್ಡ್‌ಗೂ ಈಗ ತಡವಾಗಿ ಜನ ಸಿಕ್ಕಿದ್ದಾರೆ. ಉಳಿದಿರುವ ಕೆಲವನ್ನು ಬಿಚ್ಚಿ, ಒಣಗಿದ ಕೆಪ್ಯಾಸಿಟರ್‌ಗಳನ್ನು ಒಂದೊಂದಾಗಿ ಬದಲಿಸಿ, ಮತ್ತೆ ನುಡಿಸುತ್ತಿದ್ದಾರೆ. 80 ವರ್ಷ ದಾಟಿದ ಯಂತ್ರ ಹೀಗೆ ಎದ್ದು ಕೂರೋಕೆ ಕಾರಣ, ಅದನ್ನು ಬಿಚ್ಚಬಹುದು, ಒಳಗೆ ಏನಿದೆ ಅಂತ ನೋಡಬಹುದು. ನಿಮ್ಮ ಕೈಲಿರುವ ಫೋನಿಗೆ, ನೀವು ತಿಂಗಳ ಚಂದಾ ಕಟ್ಟುವ ಸಾಫ್ಟ್‌ವೇರಿಗೆ ಆ ಅವಕಾಶ ಇದೆಯಾ? ಸ್ಥಾಪಕರ ಭಾಷಣ ಕೇಳುವ ಮೊದಲು ಇದನ್ನು ಕೇಳೋಣ. ರಿಪೇರಿ ಮಾಡುವ ಹಕ್ಕಿನ ಬೇಡಿಕೆಯನ್ನು ಗ್ರಾಹಕರ ಗೊಣಗಾಟ ಅಂತ ತಳ್ಳಿಹಾಕುವವರಿಗೆ ಲೆಸ್ಲಿಯ ಸಾಕೆಟ್ ಕಥೆಯನ್ನೂ ಹೇಳೋಣ.