ನಡುಕವನ್ನು ಗಮನಿಸಿದ ವೈದ್ಯ: ಜೇಮ್ಸ್ ಪಾರ್ಕಿನ್ಸನ್

ಕೈ ನಡುಗುವ, ಬಾಗಿ ಪುಟ್ಟ ಹೆಜ್ಜೆಯಿಡುವ ಹಿರಿಯರನ್ನು ನೀವು ಕಂಡಿರಬಹುದು. ವಯಸ್ಸಾಯಿತೆಂದು ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗದ ವೈದ್ಯರೊಬ್ಬರ ಜೀವನವನ್ನು ತಿಳಿಯೋಣ.

ಜೇಮ್ಸ್ ಪಾರ್ಕಿನ್ಸನ್ 1755ರ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆಯ ಬಳಿಯೇ ವಿದ್ಯೆ ಕಲಿತು ಅದೇ ಊರಿನವರಿಗೆ ಚಿಕಿತ್ಸೆ ನೀಡಿದರು. ಬಡವರ ಹಕ್ಕುಗಳಿಗಾಗಿ ಕರಪತ್ರಗಳನ್ನು ಬರೆದರು. ಪಳೆಯುಳಿಕೆಗಳನ್ನು ಅಭ್ಯಸಿಸಿ, 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಸ್ಥಾಪಕರಲ್ಲಿ ಒಬ್ಬರಾದರು.

1817ರಲ್ಲಿ ನಡುಕದ ಕಾಯಿಲೆಯ ಕುರಿತು ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿದ್ದುದು ಕೇವಲ ಆರು ರೋಗಿಗಳ ವಿವರ. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ! ರೋಗಿಗಳ ಉಸಿರಾಟದಲ್ಲಾಗುವ ವ್ಯತ್ಯಾಸವೂ ಅವರ ಕಣ್ಣು ತಪ್ಪಲಿಲ್ಲ. 1824ರಲ್ಲಿ ಅವರು ತೀರಿಕೊಂಡರು. ದಶಕಗಳ ನಂತರ ಫ್ರಾನ್ಸಿನ ವೈದ್ಯ ಶಾರ್ಕೋ ಆ ರೋಗಕ್ಕೆ ಪಾರ್ಕಿನ್ಸನ್ನರ ಹೆಸರನ್ನೇ ಇಟ್ಟರು.

ಅವರು ಗಮನಿಸಿದ ಉಸಿರಾಟದ ವಿಷಯ 200 ವರ್ಷಗಳ ಮೇಲೆ ಮತ್ತೆ ಮುನ್ನೆಲೆಗೆ ಬಂತು. ಡಮಾಸ್ಕಸ್‌ನಲ್ಲಿ ಹುಟ್ಟಿದ ವಿಜ್ಞಾನಿ ದೀನಾ ಕತಾಬಿ ಮತ್ತು ಸಂಗಡಿಗರು ನಿದ್ದೆಯಲ್ಲಿನ ಉಸಿರಾಟವನ್ನು ಕಂಪ್ಯೂಟರಿನಿಂದ ಪರಿಶೀಲಿಸಿ ಈ ರೋಗವನ್ನು ಗುರುತಿಸಬಹುದೆಂದು 2022ರಲ್ಲಿ ತೋರಿಸಿದರು. ಕೆಲವರಲ್ಲಿ ವೈದ್ಯರು ರೋಗವನ್ನು ಪತ್ತೆಹಚ್ಚುವುದಕ್ಕೆ ವರ್ಷಗಳ ಮೊದಲೇ ಉಸಿರಿನಲ್ಲಿ ಸುಳಿವು ಸಿಕ್ಕಿತ್ತು.

ಈ ರೋಗವನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಔಷಧಿ, ವ್ಯಾಯಾಮಗಳಿಂದ ರೋಗಿಯ ದಿನಗಳು ಹಗುರವಾಗುತ್ತವೆ. ಆದ್ದರಿಂದ ನಿಮ್ಮ ದಾದಾ, ನಾನಿಯರ ನಡಿಗೆ ನಿಧಾನವಾದರೆ, ಬರವಣಿಗೆ ಚಿಕ್ಕದಾದರೆ, ವಾಸನೆ ತಿಳಿಯದಾದರೆ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಪುಸ್ತಕ ಓದುವುದಷ್ಟೇ ಇಲ್ಮ್ ಅಲ್ಲ. ಪಕ್ಕದಲ್ಲಿರುವವರನ್ನು ಅಕ್ಕರೆಯಿಂದ ಗಮನಿಸುವುದೂ ಇಲ್ಮ್.