ಸೀಮೆಸುಣ್ಣದಲ್ಲಿ ಬಣ್ಣ ಬಿಡಿಸಿದ ತ್ಸ್ವೆತ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ನೆನಪಾದದ್ದು ಎಂಟನೇ ತರಗತಿಯ ಒಂದು ಮಧ್ಯಾಹ್ನ. ಆಗ ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಒಂದು ಮರದ ಬೀರು, ಅಷ್ಟೆ. ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣದ ತುಂಡಿಗೆ ಕಪ್ಪು ಶಾಯಿಯ ಚುಕ್ಕೆ ಇಟ್ಟು, ತಟ್ಟೆಯ ನೀರಿನಲ್ಲಿ ನಿಲ್ಲಿಸಿದರು. ನೀರು ಮೇಲೇರಿದಂತೆ ಕಪ್ಪು ಒಡೆದು ಬೇರೆ ಬೇರೆ ಬಣ್ಣದ ಪಟ್ಟಿಗಳಾದವು. ಈ ವಿದ್ಯೆ ಕೊಟ್ಟವರು ಮಿಖಾಯಿಲ್ ತ್ಸ್ವೆತ್ ಎಂದರು. ಹೆಸರು ಬಾಯಿಗೆ ಬಾರದೆ ನಾವೆಲ್ಲ ನಕ್ಕೆವು.

ಮುಂದೆ ನಾನು ಪಟ್ಟಣದ ಕಾಲೇಜಿಗೆ ಸೇರಿ, ಇಂಗ್ಲಿಷ್ ಪಾಠ ಅರ್ಥವಾಗದೆ ಮೊದಲ ವರ್ಷವೇ ಫೇಲಾದೆ. ಇನ್ನು ಅಪ್ಪನ ತೆಂಗಿನ ತೋಟವೇ ಗತಿ ಎಂದು ಊರಿಗೆ ಹೊರಟಾಗ ಕಡೂರು ಬಸ್ ನಿಲ್ದಾಣದಲ್ಲಿ ಅದೇ ಮೇಷ್ಟ್ರು ಸಿಕ್ಕರು. ಅಜ್ಜಂಪುರದ ಬಸ್ಸು ಬರುವವರೆಗೆ ತ್ಸ್ವೆತ್ ಅವರ ಕಥೆ ಹೇಳಿದರು.

ತ್ಸ್ವೆತ್ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದವರು. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡರು. ಬೆಳೆದು ಓದಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ರಷ್ಯಕ್ಕೆ ಹೋದರೆ, ಅಲ್ಲಿ ಆ ಪದವಿಗೆ ಮಾನ್ಯತೆ ಇಲ್ಲ! ಎದೆಗುಂದದೆ ಮತ್ತೆ ಓದಿ, 1901ರಲ್ಲಿ ಕಜಾನ್‌ನಲ್ಲಿ ಇನ್ನೊಂದು ಪದವಿ ಪಡೆದರು.

ಅವರ ಕೆಲಸ ಎಲೆಯ ಬಣ್ಣಗಳ ಮೇಲೆ. ನೀರಿನಲ್ಲಿ ಕರಗದೆ ಕೊಬ್ಬು ಎಣ್ಣೆಗಳಲ್ಲಿ ಕರಗುವ ಬಣ್ಣಗಳು ಅವು. ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಮೇಲಿನಿಂದ ಎಲೆಯ ಸಾರವನ್ನೂ ದ್ರಾವಕವನ್ನೂ ಸುರಿದರು. ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ನಿಂತವು. ಸಂತೆಗೆ ಹೊರಟ ನಾಲ್ವರಲ್ಲಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವವನು ಹಿಂದೆ ಬೀಳುವುದಿಲ್ಲವೆ? ಹಾಗೆಯೇ ಪುಡಿಗೆ ಹೆಚ್ಚು ಅಂಟುವ ಬಣ್ಣ ಹಿಂದುಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಸಾಗುತ್ತದೆ. 1903ರಲ್ಲಿ ವಾರ್ಸಾದಲ್ಲಿ ಇದನ್ನು ವಿವರಿಸಿದರು. 1906ರಲ್ಲಿ ಕ್ರೊಮ್ಯಾಟೊಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟರು. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೂ ಬಣ್ಣವೇ.

ಆದರೆ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ವಿಲ್‌ಸ್ಟೆಟರ್ ಈ ವಿಧಾನವನ್ನು ನಂಬಲಿಲ್ಲ. ಸಸ್ಯವರ್ಣಗಳ ಸಂಶೋಧನೆಗಾಗಿ 1915ರ ನೊಬೆಲ್ ಅವರಿಗೇ ಬಂತು. ಅದೇ ವರ್ಷ ಯುದ್ಧ ತ್ಸ್ವೆತ್ ಅವರನ್ನು ವಾರ್ಸಾದಿಂದ ಎಬ್ಬಿಸಿತು. ಊರಿಂದೂರಿಗೆ ಅಲೆದು, ಆರೋಗ್ಯ ಕೆಟ್ಟು, 1919ರಲ್ಲಿ ವೊರೊನೆಜ್‌ನಲ್ಲಿ ತೀರಿಕೊಂಡರು. ವಯಸ್ಸು 47. ಹನ್ನೆರಡು ವರ್ಷದ ಮೇಲೆ, 1931ರಲ್ಲಿ, ಹೈಡೆಲ್‌ಬರ್ಗ್‌ನಲ್ಲಿ ಅವರ ವಿಧಾನಕ್ಕೆ ಮರುಜೀವ ಕೊಟ್ಟವರಲ್ಲಿ ಒಬ್ಬರು ರಿಚರ್ಡ್ ಕೂನ್. ಅವರು ವಿಲ್‌ಸ್ಟೆಟರ್ ಅವರ ಶಿಷ್ಯರೇ!

ಬಸ್ಸು ಬಂತು. ನಾನು ಮತ್ತೆ ಪರೀಕ್ಷೆ ಕಟ್ಟಿದೆ.

ಆಮೇಲೆ ಮೂವತ್ತು ವರ್ಷ ನನ್ನ ಅನ್ನಕ್ಕೆ ದಾರಿಯಾದದ್ದು ಈ ವಿದ್ಯೆಯೇ. ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಸಿಲಿಕಾ ಜೆಲ್ ಬಳಿದ ಗಾಜಿನ ಹಲಗೆಯ ಬುಡದಲ್ಲಿ ಎಣ್ಣೆಯ ಒಂದು ಚುಕ್ಕೆ, ಪಕ್ಕದಲ್ಲಿ ಗೊತ್ತಿರುವ ವಸ್ತುವಿನ ಚುಕ್ಕೆ. ಹಲಗೆಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಎಣ್ಣೆಯ ಮುಖ್ಯ ಅಂಶವಾದ ಟ್ರೈಗ್ಲಿಸರೈಡ್ ಮೇಲೇರುತ್ತದೆ, ಬಿಡಿ ಕೊಬ್ಬಿನಾಮ್ಲ ನಡುವೆ ನಿಲ್ಲುತ್ತದೆ, ಫಾಸ್ಫೊಲಿಪಿಡ್ ಹೊರಟ ಜಾಗದಲ್ಲೇ ಉಳಿಯುತ್ತದೆ. ಇವಕ್ಕೆ ಬಣ್ಣವಿಲ್ಲ. ಅಯೋಡಿನ್ ಹೊಗೆ ಹಿಡಿದರೆ ಕಂದು ಕಲೆಗಳಾಗಿ ಕಾಣುತ್ತವೆ. ಗೊತ್ತಿರುವ ಚುಕ್ಕೆಯಷ್ಟೇ ಎತ್ತರಕ್ಕೆ ಏರಿದ್ದನ್ನು ನೋಡಿ ಗುರುತು ಹಿಡಿಯುತ್ತೇವೆ.

ನಮ್ಮ ಬೀಳು ಹೊಲಗಳಲ್ಲಿ ಹಳದಿ ಹೂ ಬಿಡುವ ಮುಳ್ಳಿನ ದತ್ತೂರಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಹಲವರ ಪ್ರಾಣ ಹೋಯಿತು. ಕಣ್ಣಿಗೂ ನಾಲಗೆಗೂ ಸಿಗದ ಆ ವಿಷವನ್ನು ಇದೇ ಹಲಗೆ ಹಿಡಿದು ತೋರಿಸುತ್ತದೆ. ವರದಿಗೆ ಸಹಿ ಹಾಕುವಾಗಲೆಲ್ಲ ಯಾರದೋ ಮನೆಯ ಒಗ್ಗರಣೆ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಂದ ಬಂದು ಇಂದು ಈ ಬೆಂಚುಗಳಲ್ಲಿ ಕುಳಿತಿರುವ ಮಕ್ಕಳೇ, ತ್ಸ್ವೆತ್ ಅವರಿಗೆ ಬೇಕಾದದ್ದು ಒಂದು ಕೊಳವೆ, ಒಂದಿಷ್ಟು ಸೀಮೆಸುಣ್ಣ. ಎರಡನೆಯದು ನಮ್ಮ ಶಾಲೆಯಲ್ಲಿ ಎಂದೂ ಕಡಿಮೆಯಾಗಿಲ್ಲ. ಫೇಲಾದವರು ನನ್ನನ್ನು ನೆನೆಯಿರಿ, ಮತ್ತೆ ಪರೀಕ್ಷೆ ಕಟ್ಟಿ. ನನ್ನ ಮೇಷ್ಟ್ರಿಗೆ ಈ ಬರಹವೇ ನಮಸ್ಕಾರ.