ಕ್ಯಾನ್ಸರ್‌ಗೆ ಹಾರ್ಮೋನ್ ಕಡಿವಾಣ: ಚಾರ್ಲ್ಸ್ ಹಗಿನ್ಸ್ ಮತ್ತು ಮುದಿ ನಾಯಿಗಳು

ಕ್ಯಾನ್ಸರ್ ಕೋಶಗಳು ದೇಹದ ಯಾವ ಹತೋಟಿಗೂ ಸಿಗುವುದಿಲ್ಲ, ತಮ್ಮಷ್ಟಕ್ಕೆ ತಾವೇ ಬೆಳೆಯುತ್ತವೆ ಎಂದು 1930ರ ದಶಕದಲ್ಲಿ ವೈದ್ಯರೂ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರು ಚಾರ್ಲ್ಸ್ ಹಗಿನ್ಸ್.

1901ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹುಟ್ಟಿದ ಹಗಿನ್ಸ್, 1924ರಲ್ಲಿ ಹಾರ್ವರ್ಡ್‌ನಿಂದ ವೈದ್ಯಕೀಯ ಪದವಿ ಪಡೆದರು. 1927ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಸೇರಿ, ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯ ಹೊಣೆ ಹೊತ್ತರು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಅವರ ಕುತೂಹಲದ ವಸ್ತುವಾಯಿತು.

ನಾಯಿಗಳೇ ಏಕೆ?

ಮನುಷ್ಯರಂತೆ ನಾಯಿಗಳಿಗೂ ವಯಸ್ಸಾದಂತೆ ಪ್ರಾಸ್ಟೇಟ್ ಊದಿಕೊಳ್ಳುತ್ತದೆ. ಹೀಗಾಗುವ ಪ್ರಾಣಿಗಳು ತೀರಾ ಕಡಿಮೆ. ಹಗಿನ್ಸ್ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಗ್ರಂಥಿಯ ದ್ರವಕ್ಕೆ ಮೂತ್ರ ಬೆರೆಯದಂತೆ ಬೇರ್ಪಡಿಸಿದರು. ಇದರಿಂದ ಗ್ರಂಥಿ ಎಷ್ಟು ದ್ರವ ಸುರಿಸುತ್ತದೆ ಎಂದು ಅಳೆಯುವುದು ಸಾಧ್ಯವಾಯಿತು. ಗಡ್ಡೆ ಬೆಳೆದಿದ್ದ ಮುದಿ ನಾಯಿಗಳು ಮೊದಮೊದಲು ಅವರಿಗೆ ಕಿರಿಕಿರಿಯಾಗಿದ್ದವು. ಕೊನೆಗೆ ಅಂಥ ನಾಯಿಗಳನ್ನೇ ಅವರು ಹುಡುಕತೊಡಗಿದರು.

ಔಷಧಿ ಏನು ಮಾಡಿತು?

ವೃಷಣಗಳನ್ನು ತೆಗೆದಾಗ ನಾಯಿಯ ಪ್ರಾಸ್ಟೇಟ್ ಕುಗ್ಗಿ, ದ್ರವ ನಿಂತಿತು. ಟೆಸ್ಟೋಸ್ಟೆರಾನ್ ಚುಚ್ಚಿದಾಗ ಮತ್ತೆ ಚೇತರಿಸಿಕೊಂಡಿತು. ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ ಕೊಟ್ಟಾಗ ಪುನಃ ಕುಗ್ಗಿತು, ಗಡ್ಡೆಗಳೂ ಕಿರಿದಾದವು. ಕಾರಣವಿಷ್ಟೆ: ವೃಷಣಗಳಿಗೆ ಕೆಲಸದ ಆದೇಶ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಈಸ್ಟ್ರೋಜೆನ್ ಆ ಆದೇಶವನ್ನು ತಗ್ಗಿಸುತ್ತದೆ. ಟೆಸ್ಟೋಸ್ಟೆರಾನ್ ಇಳಿದರೆ ಪ್ರಾಸ್ಟೇಟ್‌ಗೆ ಪೋಷಣೆ ತಪ್ಪುತ್ತದೆ.

ನಾಯಿಗಳಿಂದ ರೋಗಿಗಳತ್ತ

1941ರಲ್ಲಿ ಹಗಿನ್ಸ್ ಮತ್ತು ಸಹೋದ್ಯೋಗಿಗಳು ಇದೇ ತರ್ಕವನ್ನು ಮನುಷ್ಯರಿಗೆ ಅನ್ವಯಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ಬಲಿತಿದ್ದ 21 ರೋಗಿಗಳ ವೃಷಣಗಳನ್ನು ತೆಗೆದ ವರದಿ ಪ್ರಕಟಿಸಿದರು. ಮೂಳೆಗೆ ಹಬ್ಬಿದ ಕ್ಯಾನ್ಸರ್‌ನಿಂದ ನರಳುತ್ತಿದ್ದ ಹಲವರ ನೋವು ಬೇಗನೆ ಇಳಿಯಿತು. ಈಸ್ಟ್ರೋಜೆನ್ ಚಿಕಿತ್ಸೆಯೂ ಫಲ ಕೊಟ್ಟಿತು. ಆ್ಯಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ರಕ್ತದಲ್ಲಿ ಅಳೆದು, ರೋಗದ ಏರಿಳಿತವನ್ನು ಅಂಕಿಗಳಲ್ಲೇ ತೋರಿಸಿದರು.

ಹಾಗಾದರೆ ರೋಗ ಗುಣವಾಯಿತೆ?

ಇಲ್ಲ. ಈ ಚಿಕಿತ್ಸೆಯ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಇದೇ. ಹರಡಿದ ಕ್ಯಾನ್ಸರನ್ನು ಹಾರ್ಮೋನ್ ಚಿಕಿತ್ಸೆ ಹಿಡಿದಿಡುತ್ತದೆ, ಆದರೆ ಬಹುತೇಕರಲ್ಲಿ ಕಾಲಾನಂತರ ಅದು ಮತ್ತೆ ತಲೆಯೆತ್ತುತ್ತದೆ. ಹೆಚ್ಚು ಪ್ರಮಾಣದ ಈಸ್ಟ್ರೋಜೆನ್‌ನಿಂದ ಗಂಡಸರಿಗೆ ಸ್ತನ ಊದುವುದು, ರಕ್ತ ಹೆಪ್ಪುಗಟ್ಟುವುದು, ಹೃದಯದ ತೊಂದರೆಗಳು ಬರಬಹುದು. ಹಾಗಾಗಿ ಇಂಥ ಔಷಧಿಗಳನ್ನು ತಾವಾಗಿಯೇ ತೆಗೆದುಕೊಳ್ಳುವುದು ಅಪಾಯ. ವೈದ್ಯರು ಕೊಟ್ಟಿದ್ದನ್ನು ಕೇಳದೆ ನಿಲ್ಲಿಸುವುದೂ ಸರಿಯಲ್ಲ.

ಹಗಿನ್ಸ್‌ಗೆ 1966ರಲ್ಲಿ ಪೇಟನ್ ರೌಸ್ ಜೊತೆ ನೊಬೆಲ್ ಪ್ರಶಸ್ತಿ ಬಂತು. 1997ರಲ್ಲಿ, ತಮ್ಮ 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂದು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಟೆಸ್ಟೋಸ್ಟೆರಾನ್ ತಗ್ಗಿಸಲು ಕೊಡುವ ಚುಚ್ಚುಮದ್ದುಗಳು ಬೇರೆ, ಆದರೆ ಅವುಗಳ ಹಿಂದಿರುವುದು ಷಿಕಾಗೊದ ಆ ಮುದಿ ನಾಯಿಗಳಲ್ಲಿ ಕಂಡ ತರ್ಕವೇ.